ಗಾಡಿಯ ಬೋಲ್ಟು ಹಾಕಿದ ಕಾರು

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹನಗೋಡಿನ ಹತ್ತಿರದ ನನ್ನ ತವರಿಗೆ ಅವಳನ್ನು ಕರೆದುಕೊಂಡು ಬಂದಿದ್ದೆ. ಒಂದು ಬೆಳಗ್ಗೆ ಅವಳು ಹಿತ್ತಿಲಲ್ಲಿ ಅವರೆಕಾಯಿ ಸಿಪ್ಪೆ ಗುಡ್ಡೆ ಮಾಡಿಕೊಂಡು ಆಡುತ್ತಿದ್ದಾಗ ಬೇಲಿ ನುಗ್ಗಿ ನರಿಯೊಂದು ಬಂತು. ಹಗಲು ಹೊತ್ತಿನಲ್ಲಿ, ಜನರಿಗೆ ಹೆದರದೆ ಬಂದ ನರಿ. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವಳ ಕೆನ್ನೆಗೆ ಬಾಯಿ ಹಾಕಿತ್ತು. ನನ್ನ ಅಣ್ಣ ದೊಣ್ಣೆಯಿಂದ ಹೊಡೆದು ಕೊಂದ. ಸಾಯುವಾಗಲೂ ಅದು ದೊಣ್ಣೆಯನ್ನೇ ಕಚ್ಚುತ್ತಿತ್ತು, ಬಾಯಿಂದ ನೊರೆ ಸುರಿಯುತ್ತಿತ್ತು. ಅದಕ್ಕೆ ಹುಚ್ಚು ಹಿಡಿದಿದೆ ಎಂದು ಎಲ್ಲರಿಗೂ ತಿಳಿಯಿತು.

ಅವ್ವ ಗಾಯ ತೊಳೆದು ಅರಿಶಿನ ಹಚ್ಚಿದಳು. ನಾಟಿ ಮದ್ದು ಕೊಡುವವರ ಹತ್ತಿರ ಹೋಗೋಣ ಎಂದಳು. ಅಣ್ಣ ಕೇಳಲಿಲ್ಲ, ಸೈಕಲ್ ಹತ್ತಿ ಹುಣಸೂರಿಗೆ ಹೊರಟ. ನನ್ನ ಯಜಮಾನರು ಅಲ್ಲಿ ಒಬ್ಬ ತಂಬಾಕು ಸಾಹುಕಾರರ ಕಾರು ಓಡಿಸುತ್ತಿದ್ದರು. ಸುದ್ದಿ ಕೇಳಿದ ಅವರು ಮೊದಲು ಡಾಕ್ಟರರ ಬಳಿ ಓಡಿದರಂತೆ. ಹುಚ್ಚು ನರಿ ಕಡಿತದ ಸೂಜಿಮದ್ದು ಇಲ್ಲಿಲ್ಲ, ಮೈಸೂರಿನ ದೊಡ್ಡಾಸ್ಪತ್ರೆಗೇ ಹೋಗಬೇಕು, ಕಚ್ಚಿರುವುದು ಮುಖಕ್ಕೆ, ಇವತ್ತೇ ಹೋಗಿ ಎಂದು ಡಾಕ್ಟರರು ಹೇಳಿದರಂತೆ. ಮಧ್ಯಾಹ್ನದ ಮೇಲೆ ಮೈಸೂರಿಗೆ ಬಸ್ಸಿರಲಿಲ್ಲ. ಯಜಮಾನರು ಸಾಹುಕಾರರ ಮುಂದೆ ನಿಂತು ಕಾರು ಕೇಳಿದರು. ಸಾಹುಕಾರರು ಕೊಟ್ಟರು. ಆದರೆ ಯುದ್ಧದ ಕಾಲ, ಕಾರಿನ ಒಂದು ಸಾಮಾನೂ ಸಿಗುವುದಿಲ್ಲ, ಏನಾದರೂ ಮುರಿದರೆ ಅದರ ಖರ್ಚು ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ ಎಂದೂ ಹೇಳಿ ಕಳಿಸಿದರು.

ಅವರು ಊರಿಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಅವಳಿಗೆ ಕಾರಿನಲ್ಲಿ ಹೋಗುವುದೇ ಸಂಭ್ರಮ. ಕೆನ್ನೆಗೆ ಕಟ್ಟಿದ ಬಟ್ಟೆಯೊಳಗಿಂದಲೇ ನಗುತ್ತಿದ್ದಳು.

ಹನಗೋಡು ದಾಟಿ ಸ್ವಲ್ಪ ದೂರ ಬಂದಿರಬೇಕು, ನನ್ನ ಕೆಳಗಿನಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ಕಾರಿನ ಹಿಂಭಾಗ ಓಲಾಡತೊಡಗಿತು. ಯಜಮಾನರು ನಿಲ್ಲಿಸಿ ಇಳಿದರು, ಚಕ್ರದ ಮುಂದೆ ಕೂತರು, ಬಹಳ ಹೊತ್ತು ಏಳಲೇ ಇಲ್ಲ. ನಾನೂ ಇಳಿದು ನೋಡಿದೆ. ಚಕ್ರವನ್ನು ಹಿಡಿದಿಡಲು ಐದು ಬೋಲ್ಟು ಇರುತ್ತವೆ. ಯಜಮಾನರು ಅವನ್ನು ಸ್ಟಡ್ಡು ಎನ್ನುತ್ತಿದ್ದರು. ಅವುಗಳಲ್ಲಿ ಅಕ್ಕಪಕ್ಕದ ಎರಡು ಬುಡಕ್ಕೇ ಮುರಿದುಹೋಗಿದ್ದವು. ಹೀಗೇ ಓಡಿಸಿದರೆ ಉಳಿದವೂ ಮುರಿದು ಚಕ್ರ ಕಳಚಿಕೊಳ್ಳುತ್ತದೆ ಎಂದರು. ಮಗುವನ್ನು ಎತ್ತಿಕೊಂಡು ನಡೆದುಬಿಡೋಣ ಎಂದೆ. ಎಲ್ಲಿಗೆ ನಡೆಯುವುದು, ಹುಣಸೂರು ಸೇರಿದರೂ ಬಸ್ಸು ನಾಳೆಗೇ ಎಂದರು.

ಆ ದಾರಿಯ ಪಕ್ಕದ ಹಳ್ಳಿಯೊಂದರಲ್ಲಿ ಎತ್ತಿನ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕಟ್ಟುವ ಆಚಾರಿಯ ಕುಲುಮೆ ಇತ್ತು. ಕಾರನ್ನು ಆಮೆಯ ಹಾಗೆ ತೆವಳಿಸಿಕೊಂಡು ಅಲ್ಲಿಗೆ ಹೋದೆವು. ನಾನು ಕಿಟಕಿಯಿಂದ ಚಕ್ರವನ್ನೇ ನೋಡುತ್ತಾ ಮಗುವನ್ನು ಇನ್ನೊಂದು ಬದಿಗೆ ಸರಿಸಿ ಅವುಚಿಕೊಂಡಿದ್ದೆ.

ಆಚಾರಿ ನಡುವಯಸ್ಸಿನವನು. ಮೋಟಾರಿನ ಕೆಲಸ ತಾನು ಮುಟ್ಟುವುದಿಲ್ಲ ಎಂದ. ಯಜಮಾನರು ಕೈ ಮುಗಿದರು. ಅವನು ಚಕ್ರದ ಹತ್ತಿರ ಬಂದು ನೋಡಿದ, ಮತ್ತೆ ಹಿಂದೆ ಸರಿದ.

"ನನ್ನತ್ರ ಇರಾದು ಗಾಡಿ ಬೋಲ್ಟು ಕಣಪ್ಪ. ಎತ್ತಿನ ನಡಿಗೆಗೆ ತಡೀತದೆ. ನಿಮ್ ಮೋಟಾರಿನ ಓಟಕ್ಕೆ ತಡದಾತೋ ಇಲ್ವೋ ನಂಗೊತ್ತಿಲ್ಲ. ದಾರೀಲಿ ಚಕ್ರ ಬಿದ್ದೋದ್ರೆ ಆ ಪಾಪ ನಂಗ್ ಬ್ಯಾಡ."

ನಾನು ಮಗುವನ್ನು ಎತ್ತಿಕೊಂಡು ಅವನ ಮುಂದೆ ಹೋಗಿ ನಿಂತು ಕೆನ್ನೆಯ ಬಟ್ಟೆ ಬಿಚ್ಚಿದೆ. ಹುಚ್ಚು ನರಿ ಕಚ್ಚಿದೆ ಎಂದೆ. ಅವನು ಗಾಯ ನೋಡಿದ, ನನ್ನ ಮುಖ ನೋಡಿದ. ಹೋಗಿ ಕುಲುಮೆಯ ಬೆಂಕಿಗೆ ತಿದಿ ಎಳೆಯತೊಡಗಿದ.

ಕೆಲಸ ಬೇಗ ಮುಗಿಯಲಿಲ್ಲ. ಮುರಿದ ತುಂಡುಗಳು ಒಳಗೆ ಕಚ್ಚಿಕೊಂಡಿದ್ದವು, ಉಳಿಯಿಟ್ಟು ಬಡಿದು ಬಡಿದು ಹೊರಗೆ ತಳ್ಳಬೇಕಾಯಿತು. ಗಾಡಿಯ ಬೋಲ್ಟು ತೂತಿಗಿಂತ ದಪ್ಪ. ಕಾಸಿ, ಬಡಿದು, ಅರದಿಂದ ಉಜ್ಜಿ ಸಣ್ಣದು ಮಾಡಿದ. ಮೊದಲನೆಯದು ಬಿಗಿಯುವಾಗಲೇ ತಿರುಚಿಕೊಂಡು ಹಾಳಾಯಿತು. ಮತ್ತೊಂದು ತೆಗೆದುಕೊಂಡ. ಬಿಸಿಲು ಇಳಿಯುತ್ತಿತ್ತು. ಮಗಳು ಅಲ್ಲೇ ಕೋಳಿಮರಿಗಳ ಹಿಂದೆ ಓಡಾಡುತ್ತಿದ್ದಳು. ವಿಷ ಅವಳ ಕೆನ್ನೆಯಿಂದ ತಲೆಗೆ ಹರಿದು ಹೋಗುತ್ತಿರುವುದು ನನಗೆ ಕಣ್ಣಿಗೆ ಕಂಡ ಹಾಗೆ ಅನ್ನಿಸುತ್ತಿತ್ತು. ಒಮ್ಮೆ ಅವಳು ಸುಮ್ಮನೆ ಹಲ್ಲು ಕಡಿದಳು. ನಾನು ಓಡಿ ಹೋಗಿ ಅವಳ ಬಾಯಿ ತೆರೆಸಿ ನೋಡಿದೆ.

ಎರಡೂ ಬೋಲ್ಟು ಕೂತ ಮೇಲೆ ಯಜಮಾನರು ಎಷ್ಟಾಯಿತು ಎಂದು ಕೇಳಿದರು. ಆಚಾರಿ ಕೈ ಒರೆಸಿಕೊಂಡು ಒಳಗೆ ಹೋದವನು ಹೆಗಲಿಗೆ ವಲ್ಲಿ ಹಾಕಿಕೊಂಡು ಬಂದ.

"ಎರಡು ರೂಪಾಯಿ ಕೊಡಿ. ಅದ್ರ ಮ್ಯಾಲೆ ಮೈಸೂರಿಂದ ವಾಪಸ್ ಬರಾಕೆ ಬಸ್ ಚಾರ್ಜು. ನಾನೂ ಬತ್ತೀನಿ. ಸಡ್ಲಾದ್ರೆ ಬಿಗಿಯಾಕೆ ಒಬ್ರು ಬೇಕಲ್ಲ."

ಅವನು ಅದುವರೆಗೆ ಕಾರು ಹತ್ತಿದವನಲ್ಲ. ನನ್ನ ಪಕ್ಕದಲ್ಲಿ, ಆ ಚಕ್ರವಿದ್ದ ಬದಿಯಲ್ಲೇ ಕೂತ. ಕಾರು ಹೊರಟ ಕೂಡಲೇ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದ. ಹುಣಸೂರು ದಾಟುವಾಗ ಅವನ ತುಟಿಗಳು ಅಲುಗುತ್ತಿದ್ದವು, ಯಾವ ದೇವರನ್ನು ನೆನೆಯುತ್ತಿದ್ದನೋ. ಆಗಾಗ ಯಜಮಾನರು ನಿಲ್ಲಿಸುತ್ತಿದ್ದರು. ಅವನು ಇಳಿದು ಸ್ಪ್ಯಾನರಿನಿಂದ ತಿರುಗಿಸಿ ನೋಡಿ ಹತ್ತುತ್ತಿದ್ದ. ಬಿಳಿಕೆರೆಯ ಹತ್ತಿರ ಮತ್ತೆ ಅದೇ ಟಕ್ ಟಕ್. ನಾನು ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡೆ. ಒಂದು ಬೋಲ್ಟು ಅರ್ಧ ಸಡಿಲಾಗಿತ್ತು. ಬಿಗಿದು ತಂತಿ ಸುತ್ತಿದ. ಅಲ್ಲಿಂದ ಮುಂದೆ ಆ ಸದ್ದು ಇಲ್ಲದಾಗಲೂ ನನಗೆ ಕೇಳಿಸುತ್ತಲೇ ಇತ್ತು. ಇಲವಾಲ ಬರುವಷ್ಟರಲ್ಲಿ ಅವನು ಕಿಟಕಿಯಿಂದ ವಾಂತಿ ಮಾಡಿಕೊಂಡು ಸೋತುಹೋಗಿದ್ದ. ಮಗಳು ಅವನ ಬೆನ್ನು ಸವರುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆ ಸೇರಿದೆವು. ಹೊಟ್ಟೆಗೆ ಚುಚ್ಚುವ ಸೂಜಿ ಅದು. ಮಗುವಿನ ಕೈ ನಾನು ಹಿಡಿದುಕೊಂಡೆ, ಕಾಲು ಯಜಮಾನರು ಹಿಡಿದುಕೊಂಡರು. ದಿನಾ ಬಂದು ಹಾಕಿಸಿಕೊಳ್ಳಬೇಕು ಎಂದು ಅಲ್ಲಿನ ಡಾಕ್ಟರರು ಹೇಳಿದರು. ನಾವಿಬ್ಬರು ತಾಯಿಮಗಳು ಒಂದು ಛತ್ರದಲ್ಲಿ ಉಳಿದೆವು. ಆಚಾರಿ ಅವತ್ತು ಆಸ್ಪತ್ರೆಯ ಜಗಲಿಯಲ್ಲೇ ಮಲಗಿ ಬೆಳಗಿನ ಬಸ್ಸಿಗೆ ಹೊರಟ. ಹೋಗುವ ಮೊದಲು ಯಜಮಾನರಿಗೆ, ನಿಧಾನವಾಗಿ ಹೋಗಿ, ಆ ಬೋಲ್ಟನ್ನು ನಂಬಿಕೊಂಡು ಓಡಿಸಬೇಡಿ ಎಂದು ಹೇಳಿದನಂತೆ.

ಸಾಹುಕಾರರು ಹೇಳಿದ ಮಾತಿನಂತೆಯೇ ಮಾಡಿದರು. ಸರಿಯಾದ ಸ್ಟಡ್ಡುಗಳನ್ನು ಮೈಸೂರಿನಲ್ಲಿ ಯಾರದೋ ಹಳೆಯ ಕಾರಿನಿಂದ ಕೊಂಡು ಹಾಕಿಸಿದರು, ಆ ಹಣ ಸಂಬಳದಲ್ಲಿ ಮುರಿದುಕೊಂಡರು. ಬೈಯಲಿಲ್ಲ. ಮಗು ಹೇಗಿದೆ ಎಂದು ಮಾತ್ರ ಕೇಳಿದರು. ನಮಗೆ ಒಂದಷ್ಟು ತಿಂಗಳು ರಾಗಿಗೂ ಕಷ್ಟವಾಯಿತು. ಅದು ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ.

ಸೂಜಿ ಎಲ್ಲ ಮುಗಿದು ಹುಣಸೂರಿಗೆ ಬಂದ ಮೇಲೂ ನನ್ನ ಭಯ ಮುಗಿಯಲಿಲ್ಲ. ತಿಂಗಳುಗಟ್ಟಲೆ ಕಾದು ನೋಡಬೇಕು, ನೀರು ಕಂಡರೆ ಹೆದರುತ್ತಾಳೋ ನೋಡಿಕೊಳ್ಳಿ ಎಂದು ಡಾಕ್ಟರರು ಹೇಳಿದ್ದರು. ಬೆಳಗ್ಗೆ ಎದ್ದ ಕೂಡಲೇ ಲೋಟ ಅವಳ ಬಾಯಿಗೆ ಹಿಡಿಯುತ್ತಿದ್ದೆ. ಗಂಟಲಲ್ಲಿ ನೀರು ಇಳಿಯುವುದನ್ನು ನೋಡಿ ಆಮೇಲೆ ಒಲೆ ಹಚ್ಚುತ್ತಿದ್ದೆ. ಒಂದು ದಿನ ಅವಳು ಮುಖ ತಿರುಗಿಸಿ ಬೇಡ ಎಂದಳು. ನನ್ನ ಕೈಯಿಂದ ಲೋಟ ಬಿತ್ತು.

"ಕುಡ್ದೂ ಕುಡ್ದೂ ಒಟ್ಟೆ ತುಂಬೋಗದೆ ಕಣವ್ವ" ಎಂದಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವಳು ಏನೂ ಅರ್ಥವಾಗದೆ ಲೋಟ ಎತ್ತಿಕೊಂಡು ನೀರು ತರಲು ಹಂಡೆಯ ಕಡೆ ಹೋದಳು.