ನಳಿಕೆಯ ಕೆಳಗಿನ ಕಿರೀಟ

ಕೋವಿ ರಿಪೇರಿಯವನನ್ನು ಬೀದಿಯವರೆಲ್ಲ ‘ಕನ್ನಡಿ’ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಅವನು ಉಜ್ಜಿದ ಕಬ್ಬಿಣದಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತಂತೆ. ಈಗ ಮೀಸೆ ನರೆತಿದೆ, ಹಾಗೆ ಉಜ್ಜುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. “ಹಳೇ ಕೋವಿ ಉಜ್ಜೋದು ಅಂದ್ರೆ ಅದರ ಬಾಯಿಗೆ ಬಟ್ಟೆ ತುರುಕಿದ ಹಾಗೆ” ಎಂದು ಬೈಯುತ್ತಾನೆ.

ಜೋಡಿ ನಳಿಕೆಯ ಹಳೆಯ ಜರ್ಮನ್ ಬೇಟೆ ಕೋವಿಗಳ ವಯಸ್ಸು ಹೇಳುವುದರಲ್ಲಿ ಅವನದು ಎತ್ತಿದ ಕೈ. ಮೇಲೆ ಕೆತ್ತಿದ ಜಿಂಕೆ, ಬಾತುಕೋಳಿಗಳಿಗೆ ಮರುಳಾಗುವ ಆಸಾಮಿಯಲ್ಲ. ನಳಿಕೆ ಕಳಚಿ, ಬೋರಲು ಹಾಕಿ, ಹಿಂತುದಿಯ ಚಪ್ಪಟೆ ಜಾಗಕ್ಕೆ ಭೂತಗನ್ನಡಿ ಹಿಡಿಯುತ್ತಾನೆ. ಅಲ್ಲಿ ಸಾಸಿವೆಯಷ್ಟು ಕಿರೀಟದ ಮುದ್ರೆ, ಅದರಡಿಗೊಂದು ಅಕ್ಷರ ಇದ್ದರೆ ಆ ದೇಶದಲ್ಲಿ ಕೋವಿ ಪರೀಕ್ಷೆ ಕಡ್ಡಾಯವಾದ ಮೇಲಿನದು. ಏನೂ ಇಲ್ಲದೆ ಅರದ ಗೆರೆಗಳಷ್ಟೇ ಇದ್ದರೆ ಅದಕ್ಕೂ ಹಿಂದಿನದು. ಮನೆಯ ಕೋವಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಹೊಸ ಕಾನೂನು ಬಂದಮೇಲೆ ಈ ವ್ಯತ್ಯಾಸಕ್ಕೆ ಭಾರಿ ಬೆಲೆ ಬಂದಿತ್ತು. ಕಿರೀಟಕ್ಕೂ ಹಿಂದಿನ ಕೋವಿ ಪುರಾತನ ವಸ್ತುವೆಂದು ಮನೆಯಲ್ಲೇ ಉಳಿಯಬಹುದು, ಉಳಿದವು ಕುಲುಮೆಗೆ.

ಒಂದು ಬೆಳಿಗ್ಗೆ ಅವನ ಅಕ್ಕ, ಭಾವನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಂದಳು. ಲಕ್ವ ಹೊಡೆದು ಭಾವ ಮಾತು ಕಳೆದುಕೊಂಡಿದ್ದರು.

“ಅವರು ಇದನ್ನ ಮಡಚಿ ಮುಚ್ಚಬೇಕು, ಆ ಕಟಕ್ ಅನ್ನೋ ಸದ್ದು ಕೇಳಬೇಕು. ಆಗ್ಲೇ ಬಾಯಿ ತೆಗೆಯೋದು, ನಾನು ತುತ್ತಿಡೋದು” ಎಂದಳು. “ಇದು ಹೋದ್ರೆ ಅವರು ಉಳಿಯಲ್ಲ ಕಣೋ.”

“ಭಾವನ ತಾತನ ಕಾಲದ್ದಲ್ವಾ ಅಕ್ಕ, ಯೋಚನೆ ಮಾಡ್ಬೇಡ” ಎನ್ನುತ್ತಲೇ ಅವನು ನಳಿಕೆ ಕಳಚಿ ತಿರುಗಿಸಿದ. ಚಪ್ಪಟೆ ಜಾಗ ಫಳಫಳ ಹೊಳೆಯಿತು. ಕಿರೀಟವೂ ಇಲ್ಲ, ಅರದ ಗೆರೆಯೂ ಇಲ್ಲ, ಅದರಲ್ಲಿ ಅವನ ಮುಖವೇ ಕಂಡಿತು.

ಅಕ್ಕನ ಮದುವೆಗೆ ಉಡುಗೊರೆ ಕೊಡಲು ಅವನ ಬಳಿ ಏನೂ ಇರಲಿಲ್ಲ. ಅದಕ್ಕೇ ಭಾವನ ಕೋವಿಯನ್ನು ಇಸಿದುಕೊಂಡು, ಯಾರೂ ನೋಡದ ತಳವನ್ನೂ ಬಿಡದೆ, ಮರಳುಕಾಗದದಿಂದ ಉಜ್ಜಿಕೊಟ್ಟಿದ್ದ. ಅಲ್ಲಿ ಏನೋ ಸಣ್ಣ ಗುಳಿಗಳಿದ್ದವು. ಗುರುತು ಓದಲು ಬಾರದ ವಯಸ್ಸು, ತುಕ್ಕು ತಿಂದ ಜಾಗವೆಂದುಕೊಂಡಿದ್ದ. ತುಕ್ಕೋ, ಕಿರೀಟವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ, ಪ್ರೀತಿಯ ಹುಮ್ಮಸ್ಸಿನಲ್ಲಿ ಕೆಲಸ ಕೆಡಿಸುವವರೇ ಹೀಗೆ.

ಕೋವಿಯನ್ನು ಅವನೇ ತಪಾಸಣೆ ಕಚೇರಿಗೆ ಒಯ್ದ. ಅಲ್ಲಿನ ಪರೀಕ್ಷಕಿ ಅವನ ಬಳಿಯೇ ಕೆಲಸ ಕಲಿತವಳು. ಎದ್ದು ನಿಂತು ಕುರ್ಚಿ ಕೊಟ್ಟಳು. ಆಮೇಲೆ ದೀಪದ ಕೆಳಗೆ ನಳಿಕೆಯನ್ನು ಹೊರಳಿಸಿ ನೋಡಿದಳು.

“ಉಜ್ಜಿದ್ದು ಯಾರು?”

“ನಾನೇ. ಆದ್ರೆ ಇಲ್ಲೇನೂ ಇರಲಿಲ್ಲ, ಬರೀ ತುಕ್ಕು” ಎಂದ.

ಅವಳು ತಲೆ ತಗ್ಗಿಸಿದಳು. “ಅರದ ಗೆರೆ ಇಲ್ಲದಿದ್ರೆ ಹಳೇದು ಅಂತ ಒಪ್ಪಬೇಡ, ಉಜ್ಜಿದವನ ಮಾತಂತೂ ಕೇಳಲೇಬೇಡ ಅಂತ ನೀವೇ ಅಲ್ವಾ ಕಲಿಸಿದ್ದು.”

ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಡಚಿ ಮುಚ್ಚುವ ಭಾಗವನ್ನಾದರೂ ಕೊಡಮ್ಮ ಎಂದು ಕೈಮುಗಿದ. ಅದಕ್ಕೂ ಅವಕಾಶವಿಲ್ಲವೆಂದಳು. ಕಂಬಳಿ ಮಾತ್ರ ವಾಪಸ್ಸು ಬಂತು.

ಸಂಜೆ ಅಕ್ಕನ ಮನೆಯಲ್ಲಿ ಭಾವ ದಿಂಬಿಗೊರಗಿ ಕೂತಿದ್ದರು. ಕೈಗಳೆರಡೂ ಗಾಳಿಯಲ್ಲೇ ಇಲ್ಲದ ಕೋವಿಯನ್ನು ಮಡಚಿ, ಮುಚ್ಚಿ, ಸದ್ದಿಗಾಗಿ ಕಾದವು. ಮತ್ತೆ ಮಡಚಿದವು. ಅಕ್ಕ ಗಂಜಿಯ ಚಮಚ ಹಿಡಿದು ನಿಂತೇ ಇದ್ದಳು. ಅವನು ತಡೆಯಲಾರದೆ ಹೋಗಿ ಬಾಗಿಲ ಚಿಲಕವನ್ನು ಕಟಕ್ಕೆನಿಸಿದ. ಭಾವ ಅತ್ತ ನೋಡಿ, ಅದಲ್ಲವೆಂಬಂತೆ ಮುಖ ತಿರುಗಿಸಿಕೊಂಡರು. ತುಟಿ ಬಿಚ್ಚಲಿಲ್ಲ.

ಉಜ್ಜಿದ ವಿಷಯವನ್ನು ಅವನು ಅಕ್ಕನಿಗೆ ಹೇಗೋ ಹೇಳಿ ಮುಗಿಸಿದ. ಅವಳು ಬೈಯಲಿಲ್ಲ.

“ಇವರು ಮನೆಗೆ ಬಂದವರಿಗೆಲ್ಲ ನಳಿಕೆ ಕಳಚಿ ಆ ತಳಾನೇ ತೋರಿಸ್ತಿದ್ರು” ಎಂದಳು. “ಯಾರೂ ನೋಡದ ಜಾಗಾನೂ ಹೇಗೆ ಉಜ್ಜಿದಾನೆ ನೋಡಿ, ನನ್ನ ಭಾಮೈದ ಅಂತ.”

ಚಮಚದ ಗಂಜಿ ತಣ್ಣಗಾಗಿತ್ತು. ಅಕ್ಕ ಅದನ್ನು ಬಟ್ಟಲಿಗೆ ಸುರಿದು, ಇನ್ನೊಂದು ಚಮಚ ತುಂಬಿಕೊಂಡಳು.