ಶಾರ್ಜಾದಲ್ಲಿ ಕಲಿತ ಅಳು

ಜೋಗೇಶ್ವರಿಯ ಆ ಬಿಲ್ಡಿಂಗಿನಲ್ಲಿ ಯಾರು ನಿಶಾಳನ್ನು ಹೊಗಳಿದರೂ ಅವಳ ತಾಯಿ ಹರಿಣಿಗೆ ಮೈಯೆಲ್ಲ ಉರಿಯುತ್ತಿತ್ತು. ಐದು ವರ್ಷದ ಹುಡುಗಿ. ಹಟವಿಲ್ಲ, ಗಲಾಟೆಯಿಲ್ಲ, ಪುಟ್ಟ ತಮ್ಮನನ್ನೂ ಸದ್ದಿಲ್ಲದೆ ಆಡಿಸುತ್ತಾಳೆ. "ಫಾರಿನ್ನಲ್ಲಿ ಬೆಳೆದ ಮಕ್ಕಳು ಅಂದ್ರೆ ಹೀಗೆ ಮಾರಾಯ್ತಿ," ಎಂದು ಅತ್ತೆ ಕಂಡಕಂಡವರಲ್ಲಿ ಕೊಚ್ಚಿಕೊಳ್ಳುತ್ತಿದ್ದರು.

ಫಾರಿನ್ನಂತೆ! ಆ ಸೌಭಾಗ್ಯ ಎಂಥದ್ದೆಂದು ಹರಿಣಿಗೆ ಗೊತ್ತು. ಗಂಡ ಪ್ರೀತಮ್‌ಗೆ ಶಾರ್ಜಾದ ಹೋಟೆಲೊಂದರಲ್ಲಿ ಮ್ಯಾನೇಜರ್ ಕೆಲಸವಿತ್ತು. ಮನೆ ಅಂದರೆ ಫ್ಲ್ಯಾಟಿನ ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ರಾತ್ರಿ ಪಾಳಿಯವನೊಬ್ಬ ಹಗಲೆಲ್ಲ ಮಲಗುತ್ತಿದ್ದ. ಮಗು ಕಿಸಕ್ಕೆಂದರೆ ಸಾಕು, ಗೋಡೆಗೆ ಗುದ್ದು. ಅತ್ತರಂತೂ ಕೋಣೆ ಖಾಲಿ ಮಾಡಿಸುವ ಬೆದರಿಕೆ. ಹೊರಗೆ ಹೋಗೋಣವೆಂದರೆ ಕೆಂಡದಂಥ ಬಿಸಿಲು. ಅಳು ಬಂದಾಗಲೆಲ್ಲ ಹರಿಣಿ ಮಗಳ ಬಾಯಿ ಮುಚ್ಚುತ್ತಿದ್ದಳು. ಬರಬರುತ್ತಾ ಅದರ ಅಗತ್ಯವೇ ಬೀಳಲಿಲ್ಲ.

ಸುಖವಿರಲಿಲ್ಲವೆಂದಲ್ಲ. ಅಲ್ಲಿ ಪ್ರೀತಮ್ ಮಕ್ಕಳ ಜೊತೆ ಕೂತು ಉಣ್ಣುತ್ತಿದ್ದ, ರಜೆಯ ದಿನ ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರಕ್ಕೆ ಕರೆದೊಯ್ಯುತ್ತಿದ್ದ. ನಿಶಾಳಿಗೆ ಅಪ್ಪನೆಂದರೆ ಪ್ರಾಣ.

ಆ ಹೋಟೆಲು ಮುಚ್ಚಿತು, ಎಲ್ಲರೂ ಜೋಗೇಶ್ವರಿಯ ಅತ್ತೆಯ ಮನೆಗೆ ಬಂದರು. ಈಗ ಶಾರ್ಜಾದಿಂದಲೇ ಇನ್ನೊಂದು ಕೆಲಸಕ್ಕೆ ಕರೆ. ಮತ್ತೆ ಅಂಥದೇ ಶೇರಿಂಗ್ ಕೋಣೆ. "ಫ್ಯಾಮಿಲಿ ಸಮೇತ ಬರ್ತೇನೆ," ಎಂದು ಪ್ರೀತಮ್ ಫೋನಿನಲ್ಲಿ ಹೇಳುತ್ತಿದ್ದಾಗ ಅವನ ಬೆನ್ನ ಹಿಂದೆಯೇ ನಿಶಾಳ ಬೆರಳು ಬಾಗಿಲ ಸಂದಿಗೆ ಸಿಕ್ಕಿಕೊಂಡಿತ್ತು. ಬಾಯಿ ಅಗಲಕ್ಕೆ ತೆರೆದಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಅಡುಗೆಮನೆಯಿಂದ ಬಂದ ಹರಿಣಿ ನೋಡದೇ ಇದ್ದಿದ್ದರೆ ಇನ್ನೆಷ್ಟು ಹೊತ್ತೋ.

ಬೆರಳು ನೀಲಿಗಟ್ಟಿತ್ತು. "ಅಬ್ಬಾ, ಅಷ್ಟು ಪೆಟ್ಟಾದ್ರೂ ಒಂದು ಸ್ವರ ಇಲ್ಲ! ಎಷ್ಟು ಸಾಧು, ಪಾಪದ ಮಗು!" ಎಂದರು ಅತ್ತೆ.

"ಪಾಪದ್ದಲ್ಲ ಅತ್ತೆ, ಅಳಲಿಕ್ಕೂ ಹೆದರ್ತಾಳೆ! ಅದೂ ನಿಮಗೆ ಹೆಚ್ಚುಗಾರಿಕೆಯಾ?" ಹರಿಣಿ ಕಿರುಚಿದಳು. ಗಂಡನ ಕಡೆ ತಿರುಗಿದಳು. "ನೀವು ಬೇಕಾದ್ರೆ ಹೋಗಿ. ಮಕ್ಕಳನ್ನು ನಾನು ಕಳಿಸುದಿಲ್ಲ."

"ಇಲ್ಲಿ ನನಗೆ ಯಾವ ಕೆಲಸ ಉಂಟು? ನಿನ್ನ ಸೊಕ್ಕಿಗೆ ಮಕ್ಕಳಿಗೆ ಅಪ್ಪ ಇಲ್ಲದ ಹಾಗೆ ಮಾಡ್ತೀಯಾ?"

"ಇವಳ ಸ್ವರ ಹೋಯ್ತಲ್ಲ, ಅದನ್ನು ಯಾರು ತಂದುಕೊಡ್ತಾರೆ?"

ಅಂದಿನಿಂದ ಗಂಡಹೆಂಡಿರಲ್ಲಿ ಮುಖ ಕೊಟ್ಟು ಮಾತಿಲ್ಲ. ಸೊಸೆ ಮನೆಮುರುಕಿಯೆಂದು ಅತ್ತೆ ಬಿಲ್ಡಿಂಗಿಗೆಲ್ಲ ಸಾರಿದರು. ಹರಿಣಿ ಜಗ್ಗಲಿಲ್ಲ. ಪ್ರೀತಮ್ ಒಬ್ಬನೇ ಹೊರಟ. ಮಕ್ಕಳ ತಲೆ ಸವರಿ, ಹೆಂಡತಿಯ ಕಡೆ ನೋಡದೆ, ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದ.

ನಿಶಾಳ ಬಾಯಿ ತೆರೆದುಕೊಂಡಿತು, ಎದೆ ಏರಿಳಿಯತೊಡಗಿತು.

"ಜೋರಾಗಿ ಅಳು ಮಗಾ, ಪಪ್ಪನನ್ನು ಕರಿ!" ಹರಿಣಿ ಅವಳ ಭುಜ ಹಿಡಿದು ಅಲುಗಿಸಿದಳು.

ಹುಡುಗಿಗೆ ಸ್ವರ ಹೊರಡಲಿಲ್ಲ. ಕೆಳಗೆ ರಿಕ್ಷಾ ಹೊರಟಿತು. ಮಗಳ ಅಳು ಕೇಳಿದ್ದರೆ ಅವನು ಒಮ್ಮೆ ತಿರುಗಿ ನೋಡುತ್ತಿದ್ದನೋ ಏನೋ.