ಜಗಳ ತಣಿಸುವ ಮಾಷ್ಟ್ರು

ಜಗಳ ತಣಿಸುವುದರಲ್ಲಿ ನನಗೆ ಸ್ವಲ್ಪ ಹೆಸರು ಉಂಟು. ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ಯಾರಾದರೂ ಅಂಗಿಯ ಕಾಲರಿಗೆ ಕೈ ಹಾಕಿದರೆ, ಮೂರನೇ ಮಹಡಿಗೆ ಕರೆ ಬರುತ್ತದೆ: "ಮಾಷ್ಟ್ರೇ, ಒಮ್ಮೆ ಕೆಳಗೆ ಬನ್ನಿ." ನಿವೃತ್ತ ಕನ್ನಡ ಮಾಷ್ಟ್ರಿಗೆ, ಅದೂ ಒಂಟಿ ಜೀವಕ್ಕೆ, ಬೇರೆ ಯಾವ ಕರೆ ಬರುತ್ತದೆ ಹೇಳಿ? ಎರಡು ವಾರ ಯಾರೂ ಜಗಳವಾಡದಿದ್ದರೆ ನನಗೇ ಬೇಸರವಾಗುತ್ತದೆ.

ಈ ವಿದ್ಯೆ ಕೈಹತ್ತಿದ್ದು ಬೆಳ್ಮಣ್ ಕಡೆಯ ಒಂದು ಶಾಲೆಯಲ್ಲಿ. ಫ್ಯಾನಿನ ಕೆಳಗಿನ ಕುರ್ಚಿಗಾಗಿ ಇಬ್ಬರು ಮಾಷ್ಟ್ರುಗಳು ವರ್ಷವಿಡೀ ಮಾತು ಬಿಟ್ಟಿದ್ದರು. ಇಬ್ಬರ ದೂರನ್ನೂ ಅರ್ಧಕ್ಕೇ ತಡೆದು, ಕುರ್ಚಿಯಲ್ಲಿ ನಾನೇ ಕೂತುಬಿಟ್ಟೆ. ಸಂಜೆಯೊಳಗೆ ಅವರು ಒಂದಾದರು, ನನ್ನನ್ನು ಬೈಯಲಿಕ್ಕೆ.

'ತಣಿಸು' ಎಂಬ ಪದಕ್ಕೆ ನಿಘಂಟಿನಲ್ಲಿ ಎರಡು ಅರ್ಥ: ತಂಪು ಮಾಡು, ತೃಪ್ತಿಪಡಿಸು. ಹಸಿದವನ ಹೊಟ್ಟೆಯನ್ನೂ ಸಿಟ್ಟಾದವನ ತಲೆಯನ್ನೂ ಒಂದೇ ಪದ ನೋಡಿಕೊಳ್ಳುತ್ತದೆ. ಸಿಟ್ಟೂ ಒಂದು ಬಗೆಯ ಹಸಿವು ಎಂದು ನಮ್ಮ ಹಿರಿಯರಿಗೆ ಗೊತ್ತಿದ್ದಿರಬೇಕು. ಮೂವತ್ತು ವರ್ಷ ಅದನ್ನು ಕರಿಹಲಗೆಯ ಮೇಲೆ ಬರೆದ ನಾನು ಮಾತ್ರ ಮೊದಲನೇ ಅರ್ಥದಲ್ಲೇ ನಿಂತಿದ್ದೆ. ತಣ್ಣೀರು ಎರಚುವುದು, ಮನೆಗೆ ಬರುವುದು.

ಇಷ್ಟೆಲ್ಲ ಹೇಳುವ ನಾನು ಒಡಹುಟ್ಟಿದ ಅಕ್ಕನೊಡನೆ ಏಳು ವರ್ಷ ಮಾತಾಡಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಕ್ಕ ಒಂದು ದಿನವೂ ಬರಲಿಲ್ಲ. ಇನ್ನಂಜೆಯ ನಮ್ಮ ಕುಟುಂಬದ ಮನೆಯಲ್ಲಿ ಅಮ್ಮನ ಉತ್ತರಕ್ರಿಯೆಯ ಊಟಕ್ಕೆ ಅವಳು ಬಡಿಸಲು ಬಂದಾಗ, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದೆ: "ಹೆತ್ತವಳ ಮುಖ ನೋಡಲು ಪುರುಸೊತ್ತಿಲ್ಲದವಳು ಬಡಿಸುವುದು ಬೇಡ." ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೇಳಲಿಲ್ಲ. ಅಂಗಳದ ದೈವದ ಗುಡಿಯ ಎದುರು ನಿಂತು, ಇನ್ನು ಈ ಮನೆಯ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿದೆ.

ನಮ್ಮಲ್ಲಿ ಅಂಥ ಆಣೆಯನ್ನು ಫೋನಿನಲ್ಲಿ 'ಸಾರಿ' ಹೇಳಿ ಮುಗಿಸಲಿಕ್ಕಾಗುವುದಿಲ್ಲ. ಇಬ್ಬರೂ ದೈವದ ಮುಂದೆ ನಿಲ್ಲಬೇಕು, ಕುಟುಂಬದ ಹಿರಿಯರು ಬಿಡಿಸಬೇಕು. ನಾನೋ, ಹಟದಲ್ಲಿ ಏಳು ಚೌತಿಗೂ ಹೋಟೆಲಿನಲ್ಲೇ ಉಂಡೆ. ಎದುರಿನ ಕುರ್ಚಿಯಲ್ಲಿ ನನ್ನ ಕೊಡೆ ಕೂತಿರುತ್ತಿತ್ತು. ಅಕ್ಕ ಬೇಕು ಅನಿಸುತ್ತಿತ್ತು, ಬಹಳ ಅನಿಸುತ್ತಿತ್ತು.

ಈ ವರ್ಷ ಸೋದರಮಾವ ಫೋನ್ ಮಾಡಿದರು. "ನನಗೆ ಎಂಬತ್ತೆಂಟು ಆಯ್ತು. ನಾನು ಹೋದ ಮೇಲೆ ಆಣೆ ಬಿಡಿಸಲಿಕ್ಕೆ ಗೊತ್ತಿರುವವರು ಯಾರೂ ಇಲ್ಲ. ಸಂಕ್ರಮಣಕ್ಕೆ ಬಾ."

ಹೋದೆ. ಗುಡಿಯಲ್ಲಿ ದೀಪ ಇಟ್ಟು ಮಾವ ಹೇಳಿದರು, "ಅಂದು ಹೇಳಿದ್ದನ್ನು ಇನ್ನೊಮ್ಮೆ ಹೇಳು. ಹೇಳದೆ ಹಿಂದೆ ತೆಗೆದುಕೊಳ್ಳುವುದು ಹೇಗೆ?" ಇದು ನಮ್ಮ ಕುಟುಂಬದ ಕಟ್ಟುಕಟ್ಟಳೆ. ಆ ಹೊಲಸು ಮಾತನ್ನು ಅಕ್ಕನ ಮುಖ ನೋಡಿಕೊಂಡು ಪೂರ್ತಿ ಹೇಳಬೇಕಾಯಿತು.

"ನಿನಗೆ ಹೇಳಲಿಕ್ಕೆ ಎಂತ ಉಂಟು?" ಎಂದು ಮಾವ ಅಕ್ಕನನ್ನು ಕೇಳಿದರು.

"ಅವನು ಹೇಳಿದ್ದು ಹೌದು," ಅಂದಳು ಅಕ್ಕ. "ನಾನು ಹೋಗಲಿಲ್ಲ. ಉಡುಪಿಯವರೆಗೆ ಎರಡು ಸಲ ಹೋಗಿ, ಆಸ್ಪತ್ರೆಯ ಗೇಟಿನಿಂದಲೇ ವಾಪಸು ಬಂದೆ. ಅಮ್ಮನನ್ನು ಹಾಗೆ ನೋಡಲಿಕ್ಕೆ ನನಗೆ ಹೆದರಿಕೆ ಆಯ್ತು. ಅಂದೇ ಹೇಳುತ್ತಿದ್ದೆ, ಇವನು ನಿಲ್ಲಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಏಳು ವರ್ಷ ಅಮ್ಮನ ವಿಷಯ ಮಾತಾಡಲಿಕ್ಕೆ ನನಗೆ ಯಾರಿದ್ದರು ಮಾರಾಯ?"

ನನಗೂ ಯಾರೂ ಇರಲಿಲ್ಲ. ಹಾಗೆಂದು ಹೇಳಿದೆ. ಮಾವ ಇಬ್ಬರಿಗೂ ಪ್ರಸಾದ ಕೊಟ್ಟರು, ಅಕ್ಕ ನೀರು ತಂದುಕೊಟ್ಟಳು, ಕುಡಿದೆ.

ಹನ್ನೆರಡರ ಬಸ್ಸಿಗೆ ಹೊರಡುವವನಿದ್ದೆ. ಅದು ಹೋಯಿತು, ಮೂರರದ್ದೂ ಹೋಯಿತು. ಅಮ್ಮ ಬಂಗುಡೆ ಸಾರಿಗೆ ಹುಳಿಗೆಂದು ಹಾಕುತ್ತಿದ್ದದ್ದು ಹುಣಸೆಯೋ ಬಿಂಬುಳಿಯೋ ಎಂದು ನಮ್ಮಿಬ್ಬರಿಗೂ ಜೋರು ಜಗಳ ಹತ್ತಿಕೊಂಡಿತ್ತು. ಮಾವ ನಡುವೆ ಬಾಯಿ ಹಾಕಲು ಬಂದರು. ಅವರನ್ನು ಸುಮ್ಮನೆ ಕೂರಿಸಿದೆವು.